ಹಳೇ ಪೇಜ್‌ಮೇಕರ್ ಇಟ್ಟುಕೊಳ್ಳುವುದಾ, ಬಿಡುವುದಾ? ದಾಟಿದವರು ಅನುಭವ ಹೇಳಿ

ಉಡುಪಿ, ಪ್ರಿಂಟಿಂಗ್ ಪ್ರೆಸ್ (ಕೇಳಿದವರು)

ರಥಬೀದಿಯ ಹತ್ತಿರ ನಮ್ಮದೊಂದು ಸಣ್ಣ ಪ್ರೆಸ್. ಅಪ್ಪನ ಕಾಲದ್ದು, ಈಗ ನಾನು ನೋಡಿಕೊಳ್ಳುವುದು. ಮದುವೆ ಕಾಗದ, ಬ್ರಹ್ಮಕಲಶದ ಆಮಂತ್ರಣ, ಯಕ್ಷಗಾನ ಆಟದ ಹ್ಯಾಂಡ್‌ಬಿಲ್, ಸಹಕಾರಿ ಸಂಘದ ವಾರ್ಷಿಕ ವರದಿ, ಮಧ್ಯೆ ಒಂದೊಂದು ಸ್ಮರಣ ಸಂಚಿಕೆ. ಎಲ್ಲ ಇವತ್ತಿಗೂ ಹಳೇ ವಿಂಡೋಸ್ ಎಕ್ಸ್‌ಪಿ ಕಂಪ್ಯೂಟರಿನಲ್ಲಿ, ಪುಟ ಜೋಡಿಸುವ ಪೇಜ್‌ಮೇಕರ್ 7, ನುಡಿ ಎಂಬ ಕನ್ನಡ ತಂತ್ರಾಂಶದ ಹಳೇ ಫಾಂಟ್. ಶೀರ್ಷಿಕೆಗೆ ಮಾತ್ರ ದುಡ್ಡು ಕೊಟ್ಟು ತಂದ ಬೇರೊಂದು ಫಾಂಟ್ ಪ್ಯಾಕೇಜ್, ಅದಕ್ಕೊಂದು ಡಾಂಗಲ್ (ಕಂಪ್ಯೂಟರಿಗೆ ಸಿಕ್ಕಿಸದಿದ್ದರೆ ಆ ಫಾಂಟ್ ನಡೆಯದ ಕೀಲಿ).

ಗಿರಾಕಿಗಳು ಮ್ಯಾಟರ್ ಕಳಿಸುವುದು ವಾಟ್ಸಾಪಿನಲ್ಲಿ, ಈಗ ಫೋನುಗಳಲ್ಲೆಲ್ಲ ಇರುವ ಯೂನಿಕೋಡ್ ಎಂಬ ಅಕ್ಷರ ಸಂಕೇತದಲ್ಲಿ. ಅದನ್ನು ಪೇಜ್‌ಮೇಕರಿಗೆ ಪೇಸ್ಟ್ ಮಾಡಿದರೆ ಸಾಲಿಡೀ ಪ್ರಶ್ನಾರ್ಥಕ ಚಿಹ್ನೆ. ಹಾಗಾಗಿ ಟೈಪ್ ಆಗಿ ಬಂದದ್ದನ್ನೇ ನಾವು ಪುನಃ ಕೂತು ಟೈಪ್ ಮಾಡುವುದು. ಕಂಪ್ಯೂಟರ್ ಬೇರೆ ಆಗಾಗ ಮುಷ್ಕರ ಹೂಡುತ್ತದೆ. ತಮ್ಮ ಹೊಸದು ಹಾಕಿಸಿ ತೋರಿಸಿದ: ಒತ್ತಕ್ಷರ ಕೆಳಗೆ ಕೂರುವ ಬದಲು ಅರ್ಧಾಕ್ಷರವಾಗಿ ಪಕ್ಕದಲ್ಲಿ ನಿಂತಿತು. ಮೊದಲು ಒಂದು ಸಿ.ಡಿ. ಹಾಕಿದರೆ ಕೆಲಸ ಶುರು. ಈಗ ಯೂನಿಕೋಡ್, ಓಪನ್‌ಟೈಪ್, ಕಂಪೋಸರ್, ಲಾಗಿನ್, ತಿಂಗಳ ಬಾಡಿಗೆ. ಇಷ್ಟೆಲ್ಲ ನಿಜಕ್ಕೂ ಬೇಕಾ, ಇಲ್ಲ ಸುಮ್ಮನೆ ತಲೆ ತಿನ್ನುವುದಾ?

ಮಂಗಳೂರು, ಹಂಪನಕಟ್ಟೆ, ಡಿಟಿಪಿ

ಅಕ್ಕ, ಒತ್ತಕ್ಷರದ್ದು ಮೊದಲು ಹೇಳ್ತೇನೆ, ಅದು ಐದು ನಿಮಿಷದ ಕೆಲಸ. ನಿಮ್ಮ ತಮ್ಮ ಹಾಕಿದ್ದು ಅಡೋಬಿಯ ಪುಟ ಜೋಡಿಸುವ ಸಾಫ್ಟ್‌ವೇರ್ ಇನ್‌ಡಿಸೈನ್ ಆದರೆ ಪ್ಯಾರಾಗ್ರಾಫ್ ಪ್ಯಾನೆಲಿನ ಮೂಲೆಯ ಮೆನು ತೆರೆಯಿರಿ, ಕೆಳಗೆ ವರ್ಲ್ಡ್-ರೆಡಿ ಪ್ಯಾರಾಗ್ರಾಫ್ ಕಂಪೋಸರ್ ಅಂತ ಉಂಟು, ಅದನ್ನು ಆರಿಸಿ. ಒತ್ತು ಅದರ ಜಾಗಕ್ಕೆ ಬರ್ತದೆ. ಮಾಮೂಲಿ ಕಂಪೋಸರಿಗೆ ಕನ್ನಡ ಜೋಡಿಸಲು ಬರುವುದಿಲ್ಲ. ಯಾವ ಫೈಲೂ ತೆರೆದಿಲ್ಲದಾಗ ಇದನ್ನು ಸೆಟ್ ಮಾಡಿ, ಮುಂದಿನ ಹೊಸ ಫೈಲಿಗೆಲ್ಲ ಅದೇ ಬರ್ತದೆ. ಹಳೇ ಫೈಲಿನಿಂದ ಪ್ಯಾರಾ ಸ್ಟೈಲ್ ತಂದರೆ ಮಾತ್ರ ಅದರ ಜೊತೆ ಹಳೇ ಕಂಪೋಸರೂ ಬರ್ತದೆ, ಅದೊಂದು ನೋಡಿಕೊಳ್ಳಿ.

ಇನ್ನು ಫಾಂಟ್. ಪುಸ್ತಕ, ವರದಿಗೆ ನೋಟೋ ಸೆರಿಫ್ ಕನ್ನಡ ಅಥವಾ ಟಿರೋ ಕನ್ನಡ, ಹ್ಯಾಂಡ್‌ಬಿಲ್ ಶೀರ್ಷಿಕೆಗೆ ಬಾಲೂ ತಮ್ಮ. ಮೂರೂ ಪುಕ್ಕಟೆ. ಫ್ಲೆಕ್ಸಿನವರಿಗೆ ಕಳಿಸುವಾಗ ಅಕ್ಷರಗಳನ್ನು ಕರ್ವ್ಸ್, ಅಂದರೆ ಬರೀ ಚಿತ್ರದ ಗೆರೆ ಮಾಡಿಯೇ ಕಳಿಸಿ, ಅವರ ಮೆಷಿನಲ್ಲಿ ಯಾವ ಫಾಂಟ್ ಉಂಟು, ಯಾವುದು ಇಲ್ಲ ದೇವರಿಗೇ ಗೊತ್ತು.

ಕಾಪು, ಆಫ್‌ಸೆಟ್ ಪ್ರೆಸ್

ಬಿಡಲೇಬೇಡಿ. ನಮ್ಮ ಎಕ್ಸ್‌ಪಿಗೆ ಇಂಟರ್ನೆಟ್ ಕೊಟ್ಟೇ ಇಲ್ಲ. ವೈರಸ್ ಇಲ್ಲ, ಅಪ್‌ಡೇಟ್ ಇಲ್ಲ, ಬಾಡಿಗೆ ಇಲ್ಲ. ನೆಮ್ಮದಿ.

ಮಂಗಳೂರು, ಹಂಪನಕಟ್ಟೆ, ಡಿಟಿಪಿ

ಹಾರ್ಡ್‌ಡಿಸ್ಕ್ ಹೋದ ದಿನ ನಿಮ್ಮ ನೆಮ್ಮದಿಯ ಬಗ್ಗೆ ಪುನಃ ಬರೆಯಿರಿ ಮಾರಾಯ್ರೆ.

ಮಣಿಪಾಲ, ಸಾಫ್ಟ್‌ವೇರ್ ಕೆಲಸ

"ಇಷ್ಟೆಲ್ಲ ಬೇಕಾ" ಅಂತ ಕೇಳಿದಿರಲ್ಲ, ಅದಕ್ಕೆ ಸ್ವಲ್ಪ ಉದ್ದ ಬರೆಯುತ್ತೇನೆ. ಅರ್ಧ ಬೇಕು, ಅರ್ಧ ಬೇಡ. ಯಾವ ಅರ್ಧ ಯಾವುದು ಅಂತ ಗೊತ್ತಾದರೆ ನಿಮ್ಮ ಕೆಲಸ ಹಗುರ.

ಹಳೇ ಫಾಂಟ್ ಸುಲಭ ಅನಿಸಿದ್ದು ಯಾಕೆಂದರೆ ಕಂಪ್ಯೂಟರಿಗೆ ಆಗ ಕನ್ನಡ ಎಂಬ ವಿಷಯವೇ ಗೊತ್ತಿರಲಿಲ್ಲ. ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಜಾಗದಲ್ಲಿ ಕನ್ನಡದ ತುಂಡುಗಳನ್ನು ಕೂರಿಸಿಟ್ಟಿದ್ದರು. ನಿಮ್ಮ ಪೇಜ್‌ಮೇಕರಿನಲ್ಲಿ "ಕನ್ನಡ" ಅಂತ ಬರೆದು, ಆ ಪದವನ್ನು ಸೆಲೆಕ್ಟ್ ಮಾಡಿ ಏರಿಯಲ್ ಫಾಂಟಿಗೆ ಬದಲಿಸಿ ನೋಡಿ. ದೊಡ್ಡ ಪಿ, ಅದರ ಪಕ್ಕ ತಲೆ ಮೇಲೆ ಗೀಟಿರುವ ಎ, ಆಮೇಲೆ ಬ್ರಿಟನ್ನಿನ ಪೌಂಡ್ ಚಿಹ್ನೆ, ಪುನಃ ಅದೇ ಎ. ಆ ಎ ಇದೆಯಲ್ಲ, ಅದೇ ನಮ್ಮ ತಲೆಕಟ್ಟು. ಕಂಪ್ಯೂಟರಿನ ಲೆಕ್ಕದಲ್ಲಿ ನೀವು ಇಷ್ಟು ವರ್ಷ ಹಾಳುಮೂಳು ಇಂಗ್ಲಿಷ್ ಟೈಪ್ ಮಾಡುತ್ತಿದ್ದಿರಿ, ಕನ್ನಡ ಕಾಣಿಸುತ್ತಿದ್ದದ್ದು ಫಾಂಟಿನ ಕೃಪೆ.

ಯೂನಿಕೋಡಲ್ಲಿ ಅದೇ ಪದ ಐದು ಸಂಕೇತ: ಕ, ನ, ಅರ್ಧಾಕ್ಷರದ ಗುರುತು, ನ, ಡ. ನ ಒತ್ತು ಎಲ್ಲಿ ಕೂರಬೇಕು, ಯಾವ ಆಕಾರ, ಎಷ್ಟು ಕೆಳಗೆ, ಇದು ಯಾವುದೂ ಪಠ್ಯದಲ್ಲಿ ಇಲ್ಲ. ಫಾಂಟಿನ ಒಳಗಿನ ಓಪನ್‌ಟೈಪ್ ನಿಯಮಗಳು ಒಂದು ಕಡೆ, ಆ ನಿಯಮಗಳನ್ನು ಓದಿ ಅಕ್ಷರ ಜೋಡಿಸುವ ಶೇಪಿಂಗ್ ಎಂಜಿನ್ ಇನ್ನೊಂದು ಕಡೆ, ಎರಡೂ ಸೇರಿ ತೀರ್ಮಾನ ಮಾಡುವುದು. ಕ್ರೋಮ್, ಫೈರ್‌ಫಾಕ್ಸ್, ಆಂಡ್ರಾಯ್ಡ್, ಲಿಬ್ರೆ ಆಫೀಸ್ ಇವೆಲ್ಲ ಹಾರ್ಫ್‌ಬಜ್ ಎಂಬ ಎಂಜಿನ್ ಬಳಸುತ್ತವೆ. ಫೋನಲ್ಲಿ ಸರಿ ಕಂಡದ್ದು ಪೇಜ್ ಮಾಡುವ ಸಾಫ್ಟ್‌ವೇರಿನಲ್ಲಿ ಕೆಟ್ಟು ಕಂಡರೆ ಗಿರಾಕಿಯ ಮ್ಯಾಟರ್ ಕೆಟ್ಟಿಲ್ಲ, ಜೋಡಿಸುವವ ಬೇರೆ ಅಂತ ಅರ್ಥ. ಮೊದಲು ಆಪರೇಟರಿನ ಬೆರಳಿನಲ್ಲಿದ್ದ ಕೆಲಸ ಈಗ ಯಂತ್ರದ ಒಳಗೆ ಹೋಗಿದೆ, ಅದೂ ಮೂರ್ನಾಲ್ಕು ಪದರದಲ್ಲಿ. ಇದು ಬೇಕಾದ ಅರ್ಧ. ಹುಡುಕುವುದು, ಅಕಾರಾದಿ ಜೋಡಿಸುವುದು, ಫೋನಿಗೆ ಕಳಿಸುವುದು, ಕಣ್ಣು ಕಾಣದವರಿಗೆ ಕಂಪ್ಯೂಟರ್ ಓದಿ ಹೇಳುವುದು, ಎಲ್ಲ ಆಗುವುದು ಇದರಿಂದಲೇ.

ಮಾನದಂಡ ದಿನದಿಂದ ದಿನಕ್ಕೆ ದಪ್ಪ ಆಗುತ್ತಿದೆ ಎಂಬುದು ನಿಜ. 1991ರಲ್ಲಿ ಯೂನಿಕೋಡಿನ ಮೊದಲ ಆವೃತ್ತಿ ಬಂದಾಗಲೇ ಕನ್ನಡ ಅದರಲ್ಲಿತ್ತು, ನಮ್ಮ ದೇಶದ್ದೇ ಆದ ಇಸ್ಕಿ ಎಂಬ ಅಕ್ಷರ ಸಂಕೇತ ಪಟ್ಟಿಯ ಕ್ರಮ ಹಿಡಿದು. ಆಗ ಇದ್ದದ್ದು ಒಟ್ಟು ಏಳು ಸಾವಿರ ಚಿಲ್ಲರೆ ಅಕ್ಷರ. 2024ರ 16ನೇ ಆವೃತ್ತಿಯಲ್ಲಿ 1,54,998. ಆದರೆ ಅವರದ್ದೊಂದು ಕಟ್ಟುನಿಟ್ಟು ಉಂಟು: ಒಮ್ಮೆ ಕೊಟ್ಟ ಸ್ಥಾನವನ್ನು ಕದಲಿಸುವುದಿಲ್ಲ, ತೆಗೆಯುವುದೂ ಇಲ್ಲ. ಇಪ್ಪತ್ತು ವರ್ಷ ಹಿಂದೆ ಯೂನಿಕೋಡಲ್ಲಿ ಟೈಪ್ ಮಾಡಿದ ಕನ್ನಡ ಇವತ್ತು ಯಾವ ಫೋನಲ್ಲೂ ತೆರೆಯುತ್ತದೆ.

ಕೈ ಕೊಡುವುದು ಸಾಫ್ಟ್‌ವೇರಿನ ಫೈಲು. ಪೇಜ್‌ಮೇಕರನ್ನೇ ನೋಡಿ: 1985ರಲ್ಲಿ ಆಲ್ಡಸ್ ಕಂಪನಿ ತಂದದ್ದು, 1994ರಲ್ಲಿ ಅಡೋಬಿ ಆ ಕಂಪನಿಯನ್ನೇ ಕೊಂಡಿತು, 2001ರ 7ನೇ ಆವೃತ್ತಿಗೆ ಮುಗಿಯಿತು. ಈಗಿನ ಇನ್‌ಡಿಸೈನ್ ಆ ಫೈಲನ್ನು ತೆರೆಯುವುದಿಲ್ಲ. ನಾಳೆ ಇನ್‌ಡಿಸೈನಿಗೂ ಇದೇ ಗತಿ ಬರಲಿಕ್ಕಿಲ್ಲ ಅಂತ ಯಾರು ಬರೆದು ಕೊಡ್ತಾರೆ? ಹಾಗಾಗಿ ನನ್ನ ಮಾತು ಇಷ್ಟೇ. ಮ್ಯಾಟರ್ ಯಾವತ್ತೂ ಬೇರೆ ಫೋಲ್ಡರಿನಲ್ಲಿ ಬರೀ ಯೂನಿಕೋಡ್ ಪಠ್ಯವಾಗಿ ಇರಲಿ. ಮುಗಿದ ಕೆಲಸ ಫಾಂಟ್ ಸೇರಿಸಿದ ಪಿಡಿಎಫ್ ಆಗಿ ಇರಲಿ. ಪಿಡಿಎಫ್ 2008ರಿಂದ ಅಂತರರಾಷ್ಟ್ರೀಯ ಮಾನದಂಡ, ಒಂದು ಕಂಪನಿಯ ಮನಸ್ಸಿನ ಮೇಲೆ ನಿಂತಿಲ್ಲ. ಮಧ್ಯದ ಸಾಫ್ಟ್‌ವೇರ್ ಫೈಲನ್ನು ನಂಬಿಕೊಂಡು ಕೂರಬೇಡಿ.

ಮಂಗಳೂರು, ಪ್ರೂಫ್ ನೋಡುವವ

ಮೇಲಿನವರು ಹೇಳಿದ್ದು ಸರಿ, ಆದರೆ ಯೂನಿಕೋಡ್ ಬಂದರೆ ಎಲ್ಲ ಸುಸೂತ್ರ ಅಂತ ತಿಳಿಯಬೇಡಿ. ನನ್ನ ಹೊಟ್ಟೆಪಾಡೇ ಅದರ ಗೊಂದಲದಿಂದ ನಡೆಯುತ್ತಿದೆ ಅಂದರೂ ತಪ್ಪಿಲ್ಲ.

ರಿಸಲ್ಟ್ ಸೀಸನ್ನಿನಲ್ಲಿ ಊರಿಡೀ ಕಾಲೇಜು ಬ್ಯಾನರು, ಎಲ್ಲದರಲ್ಲೂ "ರ‍್ಯಾಂಕ್". ಆ ಒಂದು ಪದ ನೋಡಿ. ರ, ಅರ್ಧಾಕ್ಷರದ ಗುರುತು, ಯ ಅಂತ ನೇರ ಹೊಡೆದರೆ ಅರ್ಕಾವೊತ್ತು ಬಂದು "ರ್ಯಾಂಕ್" ಆಗುತ್ತದೆ, ಸೂರ್ಯ, ಕಾರ್ಯದ ಹಾಗೆ. ರ ಪೂರ್ತಿ ನಿಂತು ಯ ಒತ್ತಾಗಬೇಕಾದರೆ ಮಧ್ಯೆ ಕಣ್ಣಿಗೆ ಕಾಣದ ಒಂದು ಜೋಡಕ ಸಂಕೇತ ಹಾಕಬೇಕು. ಅದನ್ನು ರ ಆದ ಕೂಡಲೇ ಹಾಕುವುದು ಈಗಿನ ಕ್ರಮ, ಅರ್ಧಾಕ್ಷರದ ಗುರುತಿನ ನಂತರ ಹಾಕಿದವರೂ ಇದ್ದಾರೆ. ಅಚ್ಚಿನಲ್ಲಿ ಎರಡೂ ಒಂದೇ ಥರ ಕಂಡರೂ ಹುಡುಕಿದರೆ ಒಂದು ಸಿಕ್ಕಿದಾಗ ಇನ್ನೊಂದು ಸಿಕ್ಕುವುದಿಲ್ಲ. ಸಂಚಿಕೆಯಲ್ಲಿ ಒಂದು ಪದವನ್ನು ಎಲ್ಲ ಕಡೆ ಬದಲಿಸಿದೆ ಅಂತ ಆಪರೇಟರ್ ಆಣೆ ಹಾಕುತ್ತಾನೆ, ಅರ್ಧ ಹಾಗೇ ಉಳಿದಿರುತ್ತದೆ.

ಇದಕ್ಕೆ ವಿರುದ್ಧದ್ದೂ ಒಂದು ಉಂಟು, ಬಿಡಿಸುವ ಸಂಕೇತ. ಅದಿಲ್ಲದಿದ್ದರೆ "ಕಾಮತ್‌ರ ಮನೆ" ಹೋಗಿ "ಕಾಮತ್ರ ಮನೆ" ಆಗುತ್ತದೆ. ಮದುವೆ ಕಾಗದದಲ್ಲಿ ಮನೆತನದ ಹೆಸರು ಹೀಗೆ ಬಂದರೆ ಬೈಗಳು ನಿಮಗೇ. ವಾಟ್ಸಾಪಿನಲ್ಲಿ ಬಂದ ಮ್ಯಾಟರನ್ನು ಪುನಃ ಟೈಪ್ ಮಾಡಬೇಕಾಗಿಲ್ಲ, ನಿಜ. ಓದಬೇಕಾಗಿದೆ.

ಹಳೇ ಫೈಲುಗಳನ್ನು ಯೂನಿಕೋಡಿಗೆ ಕನ್ವರ್ಟ್ ಮಾಡುವಾಗ ಇನ್ನೂ ಜಾಗ್ರತೆ. ಒಬ್ಬರು ತಮ್ಮ ಸಂಘದ ಹಳೇ ಸಂಚಿಕೆಗಳನ್ನೆಲ್ಲ ಹೊರಗೆ ದುಡ್ಡು ಕೊಟ್ಟು ಕನ್ವರ್ಟ್ ಮಾಡಿಸಿ ನನಗೆ ಪ್ರೂಫಿಗೆ ಕೊಟ್ಟರು. ಕನ್ನಡ ಮಟ್ಟಿಗೆ ಚೆನ್ನಾಗಿತ್ತು. ಜಾಹೀರಾತಿನ ಇಮೇಲ್ ವಿಳಾಸ, ಡಾಕ್ಟರುಗಳ ಡಿಗ್ರಿ, ಇಂಗ್ಲಿಷ್ ಹೆಸರು ಎಲ್ಲ ಅರ್ಥವಿಲ್ಲದ ಕನ್ನಡದ ತುಂಡುಗಳಾಗಿ ಕೂತಿದ್ದವು. ಕನ್ವರ್ಟರಿಗೆ ಇಂಗ್ಲಿಷಿನ ಪಿ ಯಾವುದು, ಕ ಅಕ್ಷರದ ತುಂಡಾದ ಪಿ ಯಾವುದು ಅಂತ ತಿಳಿಯುವುದು ಹೇಗೆ? ಎರಡೂ ಒಂದೇ ಸಂಕೇತ. ಹಾಗಾಗಿ ಕನ್ವರ್ಟ್ ಮಾಡುವ ಮೊದಲು ಇಂಗ್ಲಿಷ್ ಭಾಗಗಳನ್ನು ಬೇರೆ ತೆಗೆದಿಡಿ.

ಉಡುಪಿ, ಪ್ರಿಂಟಿಂಗ್ ಪ್ರೆಸ್ (ಕೇಳಿದವರು)

ಏರಿಯಲ್ ಮಾಡಿ ನೋಡಿದೆ, ಪೌಂಡ್ ಚಿಹ್ನೆ ಹೌದು! ನಗು ಬಂತು. ಇನ್ನೊಂದು ಕೇಳುವುದುಂಟು. ನಮ್ಮಲ್ಲಿ ಟೈಪ್ ಮಾಡುವ ಅಕ್ಕ ಹಳಬರು, ಕೀಬೋರ್ಡ್ ನೋಡದೆ ಹೊಡೆಯುವವರು. ಹೊಸದಕ್ಕೆ ಹೋದರೆ ಅವರು ಬೆರಳು ಪುನಃ ಪಳಗಿಸಬೇಕಾ? ಅದಾದರೆ ಅವರು ಬರುವುದೇ ಇಲ್ಲ.

ಮಣಿಪಾಲ, ಸಾಫ್ಟ್‌ವೇರ್ ಕೆಲಸ

ಬೇಡ. ನುಡಿಯ ಕೀಲಿಮಣೆ ವಿನ್ಯಾಸ ಮೂಲದಲ್ಲಿ ನಮ್ಮ ಕಿನ್ನಿಕಂಬಳದ ಕೆ.ಪಿ. ರಾವ್ ಅವರದ್ದು. ಕನ್ನಡ ಅಂದರೆ ಕೆ, ಎನ್, ಎಫ್, ಎನ್, ಡಬ್ಲ್ಯೂ, ಒತ್ತಿಗೆ ಎಫ್. ಯೂನಿಕೋಡಲ್ಲೂ ಅದೇ ಬೆರಳು ನಡೆಯುತ್ತದೆ. ನುಡಿಯ ಹೊಸ ಆವೃತ್ತಿಯಲ್ಲಿ ಯೂನಿಕೋಡ್ ಆರಿಸಿಕೊಳ್ಳಿ, ಲಿನಕ್ಸ್ ಆದರೆ ಕಗಪ ಅಂತ ಒಳಗೇ ಇದೆ. ವಿಂಡೋಸಿನ ಜೊತೆ ತಾನಾಗಿ ಬರುವ ಇನ್‌ಸ್ಕ್ರಿಪ್ಟ್ ಕೀಬೋರ್ಡ್ ಮಾತ್ರ ಅವರಿಗೆ ತೋರಿಸಲೇ ಬೇಡಿ, ಅದು ಪೂರಾ ಬೇರೆ. ಇಷ್ಟು ಬದಲಾವಣೆಯಲ್ಲಿ ಕದಲದೆ ನಿಂತದ್ದು ಆ ವಿನ್ಯಾಸ ಒಂದೇ ಅಂತ ನನಗೆ ಅನಿಸುವುದು. ಯಂತ್ರವನ್ನು ನೋಡಿ ಮಾಡಿದ್ದಲ್ಲ, ಅಕ್ಷರಮಾಲೆಯನ್ನು ನೋಡಿ ಮಾಡಿದ್ದು.

ಕುಂದಾಪುರ, ಡಿಸೈನಿಂಗ್

ಬೇಡದ ಅರ್ಧದ ಬಗ್ಗೆ ಯಾರೂ ಮಾತಾಡಲಿಲ್ಲ, ಹಾಗಾಗಿ ನಾನು ಹೇಳ್ತೆ. ಎಲ್ಲದಕ್ಕೂ ಕನ್ನಡದ ಹೆಸರು ಹೇಳಿ ಒಪ್ಪಿಸಬೇಡಿ. ತಿಂಗಳ ಬಾಡಿಗೆ ಕಟ್ಟುವುದು, ಫೈಲು ಎಲ್ಲೋ ಆಕಾಶದಲ್ಲಿ ಇಡುವುದು, ನಾವು ಕೇಳದ ಅಪ್‌ಡೇಟಿನಲ್ಲಿ ಬಟನ್ನಿನ ಜಾಗ ಬದಲಾಗುವುದು, ಇದಕ್ಕೂ ಒತ್ತಕ್ಷರಕ್ಕೂ ಎಂತ ಸಂಬಂಧ? ಇದು ಮಾರುವವರ ಅನುಕೂಲಕ್ಕೆ ಆದದ್ದು. ಹ್ಯಾಂಡ್‌ಬಿಲ್ ಮಾಡುವ ಪ್ರೆಸ್ಸಿಗೆ ಅದು ಬೇಡ.

ಬಾಡಿಗೆ ಬೇಡ ಅಂದರೆ ಸ್ಕ್ರೈಬಸ್ ನೋಡಿ, ಪುಕ್ಕಟೆ. 2024ರಲ್ಲಿ ಬಂದ 1.6ನೇ ಆವೃತ್ತಿಯಲ್ಲಿ ಕನ್ನಡ ಸರಿ ಜೋಡಣೆ ಆಗ್ತದೆ, ಹಾರ್ಫ್‌ಬಜ್ಜೇ ಒಳಗೆ ಕೂತದ್ದು. ದೊಡ್ಡ ಸ್ಮರಣ ಸಂಚಿಕೆಗೆ ಸ್ವಲ್ಪ ನಿಧಾನ, ಟೇಬಲ್ ಮಾಡುವುದು ಕಿರಿಕಿರಿ. ಮದುವೆ ಕಾಗದ, ಕರಪತ್ರಕ್ಕೆ ಧಾರಾಳ ಸಾಕು. ವಾರ್ಷಿಕ ವರದಿಯ ಅಡಾವೆ ಪತ್ರಿಕೆಯಂಥ ಟೇಬಲ್ಲಿಗೆ ನಾನು ಲಿಬ್ರೆ ಆಫೀಸಿನಲ್ಲೇ ಮಾಡಿ ಪಿಡಿಎಫ್ ತೆಗೆಯುವುದು.

ಕಾರ್ಕಳ, ಶಿಕ್ಷಕಿ

ಸ್ಮರಣ ಸಂಚಿಕೆ ಮಾಡುವವರಿಗೆ ಒಂದು ಮಾತು. ಈಗ ಮುಖಪುಟಕ್ಕೆ ತುಳು ಲಿಪಿಯಲ್ಲಿ ಹೆಸರು ಬೇಕು ಅಂತ ಕೇಳುವವರು ಜಾಸ್ತಿ. ಈಗ ಸಿಗುವ ಕೆಲವು ತುಳು ಫಾಂಟುಗಳಲ್ಲಿ ಕನ್ನಡದ ಸ್ಥಾನದಲ್ಲೇ ತುಳುವಿನ ಆಕಾರ ಕೂರಿಸಿದ್ದಾರೆ, ಅಂದರೆ ಕನ್ನಡದ ಹಳೇ ಕಥೆಯೇ ತುಳುವಿಗೂ. ಮೇಲೆ ಹೇಳಿದ 16ನೇ ಆವೃತ್ತಿಯಲ್ಲಿ ತುಳು-ತಿಗಳಾರಿ ಲಿಪಿಗೆ ಸ್ವಂತ ಸ್ಥಾನ ಸಿಕ್ಕಿದೆ. ಸ್ಥಾನ ಸಿಕ್ಕಿದ ಮಾತ್ರಕ್ಕೆ ಆಗಲಿಲ್ಲ, ಫಾಂಟ್, ಕೀಬೋರ್ಡ್, ಫೋನು ಎಲ್ಲ ಅದರ ಹಿಂದೆ ಬರಬೇಕು. ಅಲ್ಲಿಯವರೆಗೆ ಶೀರ್ಷಿಕೆಯನ್ನು ಕರ್ವ್ಸ್ ಮಾಡಿಯೇ ಇಡಿ. ಮಾನದಂಡ ಯಾಕೆ ಹೀಗೆ ಬೆಳೆಯುತ್ತಾ ಹೋಗುತ್ತದೆ ಅಂತ ಬೇಸರಪಡುವವರು ತುಳುವರ ಹತ್ತಿರ ಹಾಗೆ ಹೇಳಿ ನೋಡಲಿ!

ಮಂಗಳೂರು, ಹಂಪನಕಟ್ಟೆ, ಡಿಟಿಪಿ

ಡಾಂಗಲಿನ ವಿಷಯ ಬಿಟ್ಟುಹೋಯಿತು ಅಕ್ಕ. ಹಳೇ ಎಕ್ಸ್‌ಪಿಯನ್ನು ಹೊಸ ಕಂಪ್ಯೂಟರಿನ ಒಳಗೆ ವರ್ಚುವಲ್‌ಬಾಕ್ಸಲ್ಲಿ ಕೂರಿಸಬಹುದು, ಪೇಜ್‌ಮೇಕರ್ ಅದರಲ್ಲಿ ಆರಾಮ ಓಡ್ತದೆ. ಇಂಟರ್ನೆಟ್ ಮಾತ್ರ ಕೊಡಬೇಡಿ, ಎಕ್ಸ್‌ಪಿಗೆ ಮೈಕ್ರೋಸಾಫ್ಟ್ 2014ರ ಏಪ್ರಿಲಿನಲ್ಲೇ ಕೈ ಎತ್ತಿದೆ. ನಿಮ್ಮ ಡಾಂಗಲ್ ಯುಎಸ್‌ಬಿಯದ್ದಾದರೆ ಒಳಗಿನವರೆಗೆ ದಾಟಿಸಬಹುದು. ಹಳೇ ಪ್ರಿಂಟರ್ ಪೋರ್ಟಿಗೆ ಸಿಕ್ಕಿಸುವ ಅಗಲದ್ದಾದರೆ ಕಷ್ಟ, ಈಗಿನ ಕಂಪ್ಯೂಟರಿನಲ್ಲಿ ಆ ಕಿಂಡಿಯೇ ಇಲ್ಲ. ಆ ಫಾಂಟುಗಳು ಟೈಪ್ 1 ಜಾತಿಯವಾ ಅಂತಲೂ ನೋಡಿ, 2023ರ ಜನವರಿಯಿಂದ ಅಡೋಬಿಯವರು ಅವನ್ನು ತೆಗೆದುಕೊಳ್ಳುವುದಿಲ್ಲ. ನುಡಿಯದ್ದು ಟ್ರೂಟೈಪ್, ಆ ಭಯ ಇಲ್ಲ.

ಉಡುಪಿ, ಪ್ರಿಂಟಿಂಗ್ ಪ್ರೆಸ್ (ಕೇಳಿದವರು)

ಅಗಲದ್ದೇ. ಅಂದರೆ ಶೀರ್ಷಿಕೆ ಫಾಂಟಿನ ಆಸೆ ಬಿಟ್ಟ ಹಾಗೆ. ಸಂಘದ ವರದಿ ಸೆಪ್ಟೆಂಬರಿನ ಮಹಾಸಭೆಗೆ ಬೇಕು, ಅದನ್ನು ಈ ಸಲ ಹಳೆಯದರಲ್ಲೇ ಮುಗಿಸುತ್ತೇನೆ. ಮದುವೆ ಕಾಗದ ಮಾತ್ರ ನಾಳೆಯಿಂದಲೇ ಹೊಸದರಲ್ಲಿ.

ಮಂಗಳೂರು, ಪ್ರೂಫ್ ನೋಡುವವ

ವರದಿ ಪ್ಲೇಟಿಗೆ ಹೋದ ದಿನವೇ ಅದರ ಮ್ಯಾಟರನ್ನು ಕನ್ವರ್ಟ್ ಮಾಡಿ ಇಟ್ಟುಬಿಡಿ. ಬರುವ ವರ್ಷ ಅಂಕಿ ಮಾತ್ರ ಬದಲಿಸಿದರೆ ಆಯಿತು. ನಿರ್ದೇಶಕರ ಹೆಸರಿನ ಪಟ್ಟಿ ನನಗೊಮ್ಮೆ ಕಳಿಸಿ, ಕಾಮತ್‌ರು, ಪ್ರಭುಗಳೆಲ್ಲ ಸರಿ ಇದ್ದಾರಾ ನೋಡಿ ಹೇಳುತ್ತೇನೆ.