ಫೈರ್‌ವಾಲ್‌ನಲ್ಲಿ ಒಂದಕ್ಕಿಂತ ಜಾಸ್ತಿ ಒಳ ನೆಟ್‌ವರ್ಕ್: ಹೊಸ ಪೋರ್ಟಿನಲ್ಲಿ ಏನೂ ಓಡ್ತಿಲ್ಲ

ಪ್ರಶ್ನೆ:
ಆಫೀಸಿನಲ್ಲಿ ಪಿಎಫ್‌ಸೆನ್ಸ್ (ಫೈರ್‌ವಾಲ್ ಸಾಫ್ಟ್‌ವೇರ್) ಹಾಕಿರುವ ಆರು ಪೋರ್ಟಿನ ಡಬ್ಬಿ ಇದೆ. ಒಂದಕ್ಕೆ ಇಂಟರ್‌ನೆಟ್ ಲೈನು, ಇನ್ನೊಂದು ಲ್ಯಾನ್, ಅಂದರೆ ಆಫೀಸಿನ ಒಳ ನೆಟ್‌ವರ್ಕ್ (192.168.1.1/24), ಉಳಿದವು ಸುಮ್ನೆ ಖಾಲಿ. ಒಂದಕ್ಕೆ ಸಿಸಿ ಕ್ಯಾಮೆರಾ ಮತ್ತು ರೆಕಾರ್ಡರ್, ಮತ್ತೊಂದಕ್ಕೆ ಗೆಸ್ಟ್ ವೈಫೈ ಹಾಕಬೇಕು. ಕ್ಯಾಮೆರಾ ಪೋರ್ಟಿಗೆ 192.168.1.2/24 ಕೊಡಲು ಹೋದರೆ ಒಪ್ಪಲೇ ಇಲ್ಲ, 192.168.20.1/24 ಅಂದಾಗ ಒಪ್ಪಿತು. ಈಗ ಅಲ್ಲಿ ಲ್ಯಾಪ್‌ಟಾಪ್ ಸಿಕ್ಕಿಸಿದರೆ ಐಪಿ ಬರ್ತಿಲ್ಲ, ಕೈಯಾರೆ ಐಪಿ ಹಾಕಿದರೂ ಫೈರ್‌ವಾಲ್‌ಗೇ ಪಿಂಗ್ ಇಲ್ಲ. ಲ್ಯಾನ್ ಪಿಸಿಯಿಂದ ರೆಕಾರ್ಡರ್ ಕಾಣಬೇಕು, ಕ್ಯಾಮೆರಾಗಳು ಮಾತ್ರ ಲ್ಯಾನ್ ಕಡೆ ತಲೆ ಹಾಕಬಾರದು. ಸ್ಟ್ಯಾಟಿಕ್ ರೂಟ್ (ಯಾವ ನೆಟ್‌ವರ್ಕಿಗೆ ಯಾವ ದಾರಿ ಅಂತ ಕೈಯಾರೆ ಹೇಳೋದು) ಬರೆಯಬೇಕಾ?

ಉತ್ತರ 1:
ರೂಟ್ ಬೇಡ. ಎರಡೂ ನೆಟ್‌ವರ್ಕ್ ಫೈರ್‌ವಾಲ್‌ಗೇ ನೇರ ಅಂಟಿಕೊಂಡಿವೆ, ದಾರಿ ಅದಕ್ಕೆ ಗೊತ್ತೇ ಇದೆ. ಒಂದೇ ಸಬ್‌ನೆಟ್ (ಐಪಿ ವಿಳಾಸಗಳ ಒಂದು ಗುಂಪು) ಎರಡು ಪೋರ್ಟಿನಲ್ಲಿದ್ದರೆ 192.168.1.50 ಯಾವ ಕಡೆ ಇದೆ ಅಂತ ಅದು ಹೇಗೆ ತೀರ್ಮಾನಿಸಬೇಕು ಹೇಳಿ, ಅದಕ್ಕೇ ಒಪ್ಪಲಿಲ್ಲ.

ಪಿಎಫ್‌ಸೆನ್ಸ್‌ನಲ್ಲಿ ಲ್ಯಾನ್‌ಗೆ ಮಾತ್ರ ‘ಎಲ್ಲಾ ಬಿಡು’ ಅನ್ನುವ ರೂಲ್ ಮೊದಲೇ ಇರುತ್ತದೆ. ಹೊಸದಾಗಿ ಸೇರಿಸಿದ ಇಂಟರ್‌ಫೇಸಿಗೆ (ಪೋರ್ಟಿಗೆ) ಒಂದು ರೂಲೂ ಇರಲ್ಲ, ರೂಲ್ ಇಲ್ಲ ಅಂದರೆ ಎಲ್ಲಾ ಬಂದ್. ಡಿಎಚ್‌ಸಿಪಿಯನ್ನೂ (ಐಪಿ ತಾನಾಗಿ ಹಂಚುವ ಸೇವೆ) ಆ ಇಂಟರ್‌ಫೇಸಿಗೆ ಬೇರೆಯಾಗಿ ಆನ್ ಮಾಡಬೇಕು. ಇನ್ನೊಂದು ಮಾತು, ಇಂಟರ್‌ಫೇಸ್ ಪುಟದಲ್ಲಿ ಗೇಟ್‌ವೇ (ಬೇರೆ ನೆಟ್‌ವರ್ಕಿಗೆ ದಾಟಿಸುವ ಸಾಧನದ ಐಪಿ) ಜಾಗ ಖಾಲಿ ಬಿಡಿ. ಅಲ್ಲಿ ಏನಾದರೂ ತುಂಬಿದರೆ ಅದನ್ನು ವ್ಯಾನ್ (ಇಂಟರ್‌ನೆಟ್ ಕಡೆಯ ಪೋರ್ಟು) ಅಂತ ತಿಳಿದುಕೊಳ್ಳುತ್ತದೆ, ಆಮೇಲೆ ನ್ಯಾಟ್ (ಪ್ಯಾಕೆಟ್ಟಿನ ಐಪಿ ಬದಲಿಸಿ ಕಳಿಸೋದು) ಎಲ್ಲಾ ಅಡ್ಡಾದಿಡ್ಡಿ.

ಉತ್ತರ 2:
ರೂಲ್ ಬರೆಯುವಾಗ ಒಂದೇ ಪ್ರಶ್ನೆ ಕೇಳಿಕೊಳ್ಳಿ: ಪ್ಯಾಕೆಟ್ ಫೈರ್‌ವಾಲ್ ಒಳಗೆ ಬರೋದು ಯಾವ ಪೋರ್ಟಿನಿಂದ? ರೂಲ್ ಅಲ್ಲೇ. ಲ್ಯಾನ್ ಪಿಸಿ ರೆಕಾರ್ಡರ್ ಕಡೆ ಹೋಗೋದಕ್ಕೆ ಲ್ಯಾನ್‌ನ ಈಗಿನ ರೂಲೇ ಸಾಕು, ಉತ್ತರ ಅದೇ ಸಂಪರ್ಕದ ಸ್ಟೇಟ್ (ಫೈರ್‌ವಾಲ್ ನೆನಪಿಟ್ಟುಕೊಂಡ ದಾಖಲೆ) ಹಿಡಿದು ವಾಪಸ್ ಬರುತ್ತದೆ, ಅದಕ್ಕಾಗಿ ಕ್ಯಾಮೆರಾ ಕಡೆ ಏನೂ ತೆರೆಯಬೇಡಿ. ಕ್ಯಾಮೆರಾ ಕಡೆಯಿಂದ 192.168.20.1ಕ್ಕೆ ಹೆಸರಿನಿಂದ ಐಪಿ ಹುಡುಕಲು ಡಿಎನ್‌ಎಸ್ (ಪೋರ್ಟ್ ಸಂಖ್ಯೆ 53), ಸಮಯಕ್ಕೆ ಎನ್‌ಟಿಪಿ (123) ಬಿಟ್ಟರೆ ಸಾಕು. ಕ್ಯಾಮೆರಾಗೆ ಇಂಟರ್‌ನೆಟ್ ಯಾಕೆ ಬೇಕು ಅಂತ ನನಗಂತೂ ಇವತ್ತಿಗೂ ಅರ್ಥ ಆಗಿಲ್ಲ.

ಬೇರೆ ಡಬ್ಬಿಯವರು ಓದ್ತಿದ್ದರೆ: ಸಿಸ್ಕೋ ಎಎಸ್‌ಎಯಲ್ಲಿ ಎರಡು ಒಳ ಇಂಟರ್‌ಫೇಸಿಗೂ ಸೆಕ್ಯುರಿಟಿ ಲೆವೆಲ್ (ಎಷ್ಟು ನಂಬಬಹುದು ಅನ್ನುವ ಅಂಕಿ) 100 ಕೊಟ್ಟರೆ ಅವೆರಡರ ನಡುವೆ ಏನೂ ಹೋಗಲ್ಲ, ಸಮಾನ ಲೆವೆಲ್‌ಗೆ ಅನುಮತಿ ಬೇರೆಯಾಗಿ ಕೊಡಬೇಕು. ಫೋರ್ಟಿಗೇಟ್‌ನಲ್ಲಿ ಯಾವ ಪೋರ್ಟಿನಿಂದ ಯಾವ ಪೋರ್ಟಿಗೆ ಅಂತ ಪಾಲಿಸಿ ಬರೆಯಬೇಕು.

ಪ್ರಶ್ನೆ ಕೇಳಿದವರು:
ಡಿಎಚ್‌ಸಿಪಿ ಆಯ್ತು, ಲ್ಯಾಪ್‌ಟಾಪಿಗೆ ಐಪಿ ಬಂತು. ಆದರೆ ಲ್ಯಾನ್‌ನಿಂದ ರೆಕಾರ್ಡರ್ (192.168.20.50) ಸಿಗ್ತಿಲ್ಲ. ಕ್ಯಾಮೆರಾ ಪೋರ್ಟಿನಲ್ಲಿ ಪ್ಯಾಕೆಟ್ ಕ್ಯಾಪ್ಚರ್ (ಹಾದುಹೋಗುವ ಪ್ಯಾಕೆಟ್‌ಗಳನ್ನು ಹಿಡಿದು ತೋರಿಸೋದು) ಹಾಕಿ ನೋಡಿದೆ. 192.168.1.30ರಿಂದ ಪಿಂಗ್ ಹೊರಟಿದ್ದು ಸಾಲುಸಾಲಾಗಿ ಕಾಣುತ್ತದೆ, ಉತ್ತರ ಒಂದೂ ಇಲ್ಲ. ಅದೇ ಪೋರ್ಟಿನ ಲ್ಯಾಪ್‌ಟಾಪಿನಿಂದ ಮಾಡಿದರೆ ಉತ್ತರ ಬರುತ್ತೆ!

ಉತ್ತರ 2:
ಹಾಗಾದರೆ ಫೈರ್‌ವಾಲ್ ತನ್ನ ಕೆಲಸ ಮಾಡಿದೆ. ರೆಕಾರ್ಡರ್‌ನ ಸೆಟ್ಟಿಂಗ್‌ನಲ್ಲಿ ಗೇಟ್‌ವೇ ನೋಡಿ, ಖಾಲಿ ಇರುತ್ತೆ ಇಲ್ಲವೇ ಹಳೇ 192.168.1.1 ಕೂತಿರುತ್ತೆ. ಪಕ್ಕದ ಲ್ಯಾಪ್‌ಟಾಪಿಗೆ ಗೇಟ್‌ವೇ ಇಲ್ಲದೆಯೇ ಉತ್ತರ ಕೊಡಬಹುದು, 192.168.1.30 ಅದರ ಸಬ್‌ನೆಟ್‌ನ ಆಚೆ ಅಲ್ವಾ, ಅಲ್ಲಿಗೆ ಹೋಗಲು 192.168.20.1 ಬೇಕೇ ಬೇಕು. ಗೇಟ್‌ವೇ ಹಾಕಲು ಜಾಗವೇ ಇಲ್ಲದ ಸಾಧನವಾದರೆ ಕ್ಯಾಮೆರಾ ಇಂಟರ್‌ಫೇಸಿನಲ್ಲಿ ಔಟ್‌ಬೌಂಡ್ ನ್ಯಾಟ್ ಹಾಕಿ, ಆಗ ಪ್ರಶ್ನೆ ಫೈರ್‌ವಾಲ್‌ನಿಂದಲೇ ಬಂದ ಹಾಗೆ ಅದಕ್ಕೆ ಕಾಣುತ್ತದೆ.

ಉತ್ತರ 3:
ಗೆಸ್ಟ್ ಕಡೆ ರೂಲ್‌ಗಳ ಕ್ರಮ ಮುಖ್ಯ, ಮೇಲಿನಿಂದ ಕೆಳಕ್ಕೆ ಓದುತ್ತಾ ಮೊದಲು ಹೊಂದಿದ್ದಕ್ಕೇ ನಿಲ್ಲುತ್ತದೆ. ಮೊದಲು ಫೈರ್‌ವಾಲ್‌ನ ಡಿಎನ್‌ಎಸ್ ಬಿಡಿ. ಆಮೇಲೆ ಫೈರ್‌ವಾಲ್‌ನ ಉಳಿದದ್ದೆಲ್ಲಾ ತಡೆಯಿರಿ, ಇಲ್ಲದಿದ್ದರೆ ಅತಿಥಿಗಳಿಗೆ ನಿಮ್ಮ ಲಾಗಿನ್ ಪುಟ ಕಾಣುತ್ತದೆ. ನಂತರ 10.0.0.0/8, 172.16.0.0/12, 192.168.0.0/16 ಈ ಮೂರು ಖಾಸಗಿ ನೆಟ್‌ವರ್ಕ್ ವಿಳಾಸಗಳನ್ನೂ ಒಂದು ಏಲಿಯಸ್‌ಗೆ (ಹೆಸರಿಟ್ಟ ಪಟ್ಟಿಗೆ) ಹಾಕಿ ತಡೆಯಿರಿ, ಕೊನೆಗೆ ‘ಎಲ್ಲಾ ಬಿಡು’. ತಡೆದ ಮೇಲೂ ಹಳೇ ಸಂಪರ್ಕ ಓಡ್ತಾ ಇದ್ದರೆ ರೂಲ್ ತಪ್ಪು ಅಂತ ತಿದ್ದಲು ಹೋಗಬೇಡಿ, ಸ್ಟೇಟ್ ಟೇಬಲ್ ರೀಸೆಟ್ ಮಾಡಿ.