ಡಾಕ್ಯುಮೆಂಟ್ಸ್ ಫೋಲ್ಡರ್ ಸರ್ವರ್‌ಗೆ: ಆ ಟಿಕ್ ಗುರುತು ಇರಬೇಕೇ, ಬೇಡವೇ?

ಹೊಸ ನಿರ್ವಾಹಕ: ಕಚೇರಿಯ ಎಲ್ಲ ಬಳಕೆದಾರರ ಡಾಕ್ಯುಮೆಂಟ್ಸ್ ಫೋಲ್ಡರನ್ನು ಗ್ರೂಪ್ ಪಾಲಿಸಿಯ (ಎಲ್ಲ ಕಂಪ್ಯೂಟರುಗಳಿಗೂ ಒಂದೆಡೆಯಿಂದ ನಿಯಮ ಹೇರುವ ವಿಂಡೋಸ್ ಸೌಲಭ್ಯದ) ಮೂಲಕ ಫೈಲ್ ಸರ್ವರ್‌ಗೆ ರೀಡೈರೆಕ್ಟ್ ಮಾಡಬೇಕೆಂದಿದ್ದೇನೆ, ಅಂದರೆ ಫೈಲುಗಳು ಅವರವರ ಕಂಪ್ಯೂಟರಿನ ಬದಲು ಸರ್ವರ್‌ನಲ್ಲಿ ಇರಬೇಕು. ಅರ್ಧದಷ್ಟು ಮಂದಿ ಲ್ಯಾಪ್‌ಟಾಪ್ ಹಿಡಿದು ಹೊರಗೆ ಓಡಾಡುವವರು. ಅವರಿಗೆ ಇದು ಒಗ್ಗುವುದೇ? ಬಳಕೆದಾರನೊಬ್ಬನಿಗೇ ಪೂರ್ಣ ಹಕ್ಕು ಕೊಡುವ ಟಿಕ್ ಗುರುತು ಮೊದಲೇ ಬಿದ್ದಿರುತ್ತದೆ. ಅದನ್ನು ಹಾಗೆಯೇ ಬಿಡಲೇ?

ಸರ್ವರ್ ಸಾಕಿದವನು: ಎರಡನೆಯ ಯೋಚನೆಯಿಲ್ಲದೆ ತೆಗೆದುಬಿಡಿ. ಅದು ಇದ್ದರೆ ಬಳಕೆದಾರ ಮತ್ತು ಸಿಸ್ಟಮ್ (ವಿಂಡೋಸ್‌ನದೇ ಖಾತೆ) ಬಿಟ್ಟು ಬೇರಾರಿಗೂ ಪ್ರವೇಶವಿರದು. ನೌಕರರೊಬ್ಬರು ಕೆಲಸ ಬಿಟ್ಟ ಮರುದಿನ ಅವರ ಒಂದು ಪತ್ರ ಬೇಕಾದರೂ ನೀವು ಫೋಲ್ಡರಿನ ಒಡೆತನವನ್ನೇ ಕಿತ್ತುಕೊಳ್ಳಬೇಕಾಗುತ್ತದೆ. ರೀಡೈರೆಕ್ಟ್ ಆದ ಮೇಲೆ ಬ್ಯಾಕಪ್ ಚಿಂತೆಯೂ ಮುಗಿಯಿತು.

ಅನುಮತಿಪಟ್ಟಿ: 'ಎರಡನೆಯ ಯೋಚನೆಯಿಲ್ಲದೆ' ತೆಗೆದವರ ಸರ್ವರನ್ನು ನಾನು ಕಣ್ಣಾರೆ ಕಂಡಿದ್ದೇನೆ. ಡಾಕ್ಯುಮೆಂಟ್ಸ್ ಜೊತೆಗೆ ಡೆಸ್ಕ್‌ಟಾಪ್ ಡಾಟ್ ಐಎನ್‌ಐ ಎಂಬ, ಫೋಲ್ಡರಿಗೆ ಯಾವ ಹೆಸರು ತೋರಬೇಕೆಂದು ಹೇಳುವ ಅಡಗಿದ ಫೈಲೂ ಹೋಗಿ ಕೂರುತ್ತದೆ, ಮತ್ತು ಅದನ್ನು ಓದುವ ಹಕ್ಕು ನಿರ್ವಾಹಕನಿಗೆ ಸಿಕ್ಕೊಡನೆ ಎಕ್ಸ್‌ಪ್ಲೋರರ್ ಬಳಕೆದಾರರ ಹೆಸರುಗಳನ್ನು ಮರೆಮಾಡಿ ಸಾಲಾಗಿ 'ಡಾಕ್ಯುಮೆಂಟ್ಸ್, ಡಾಕ್ಯುಮೆಂಟ್ಸ್, ಡಾಕ್ಯುಮೆಂಟ್ಸ್' ಎಂದೇ ತೋರಿಸುತ್ತದೆ. ಯಾವುದು ಲೆಕ್ಕಿಗರದು, ಯಾವುದು ವ್ಯವಸ್ಥಾಪಕರದು, ಹೇಳಿ ನೋಡೋಣ.

ಸರ್ವರ್ ಸಾಕಿದವನು: ಬಳಕೆದಾರನ ಹೆಸರಿನ ಫೋಲ್ಡರಿಗೇ ನೇರವಾಗಿ ರೀಡೈರೆಕ್ಟ್ ಮಾಡಿದರೆ ಮಾತ್ರ ಹಾಗಾಗುವುದು. ಪ್ರತಿಯೊಬ್ಬರಿಗೂ ಒಂದು ಫೋಲ್ಡರ್ ರಚಿಸಿ ಅದರೊಳಗೆ ಡಾಕ್ಯುಮೆಂಟ್ಸ್ ಇಡುವ ಆಯ್ಕೆ ಅಲ್ಲಿಯೇ ಇದೆ. ತಪ್ಪು ದಾರಿ ಹಿಡಿದವರನ್ನು ಕಂಡು ಟಿಕ್ ಗುರುತನ್ನು ದೂರುವುದು ಯಾವ ನ್ಯಾಯ?

ಮಧ್ಯರಾತ್ರಿ ಪಾಳಿ: 'ಬ್ಯಾಕಪ್ ಚಿಂತೆ ಮುಗಿಯಿತು' ಎಂದಿರಲ್ಲ, ಅದಕ್ಕೆ ನನ್ನ ಆಕ್ಷೇಪ. ಬಳಕೆದಾರ ಅಳಿಸಿದ್ದು ಸರ್ವರ್‌ನಲ್ಲಿಯೂ ಅಳಿಯುತ್ತದೆ. ಅವನ ಕಂಪ್ಯೂಟರಿಗೆ ರ‍್ಯಾನ್ಸಮ್‌ವೇರ್ ಹೊಕ್ಕರೆ ಸರ್ವರ್‌ನ ಫೈಲುಗಳಿಗೂ ಬೀಗ ಬೀಳುತ್ತದೆ. ಅಂದಹಾಗೆ, ಬ್ಯಾಕಪ್ ಸಾಫ್ಟ್‌ವೇರ್ ತನಗಿರುವ ವಿಶೇಷ ಹಕ್ಕಿನಿಂದ ಆ ಟಿಕ್ ಇದ್ದರೂ ಫೈಲುಗಳನ್ನು ಓದಬಲ್ಲದು.

ಅನುಮತಿಪಟ್ಟಿ: 'ಟಿಕ್ ಇದ್ದರೂ ಓದಬಲ್ಲದು.' ಇಷ್ಟೇ ಸಾಕು. ಹಾಗಾದರೆ ನಿರ್ವಾಹಕನಿಗೆ ಸಹೋದ್ಯೋಗಿಗಳ ಕಡತದೊಳಗೆ ಇಣುಕುವ ಹಂಬಲ ಏಕೆ? ಮೈಕ್ರೋಸಾಫ್ಟ್ ಅದನ್ನು ಮೊದಲೇ ಟಿಕ್ ಮಾಡಿಟ್ಟಿರುವುದು ಸುಮ್ಮನೆ ಅಲ್ಲ.

ಸರ್ವರ್ ಸಾಕಿದವನು: ಇಣುಕುವ ಹಂಬಲವೇ? ಮಾತಿನ ಮೇಲೆ ಹಿಡಿತವಿರಲಿ, ಸ್ವಾಮಿ. ನಾನು ಕೇಳುವುದು ಬೀಗದ ಕೈಯನ್ನೇ ಹೊರತು ಪೆಟ್ಟಿಗೆಯೊಳಗಿನದನ್ನಲ್ಲ. ಮೈಕ್ರೋಸಾಫ್ಟ್ ಮೊದಲೇ ಇಟ್ಟದ್ದೆಲ್ಲವೂ ವೇದವಾಗುವುದಾದರೆ, ರೀಡೈರೆಕ್ಟ್ ಆದ ಫೋಲ್ಡರನ್ನು ತಾನಾಗಿಯೇ ಆಫ್‌ಲೈನ್‌ಗೂ ಇಳಿಸಿಡುವುದನ್ನು ತಾವು ಯಾವ ಕಂಪ್ಯೂಟರಿನಲ್ಲಿಯೂ ನಿಲ್ಲಿಸಿಲ್ಲವೇ?

ಅನುಮತಿಪಟ್ಟಿ: ಹಲವರು ಹಂಚಿಕೊಳ್ಳುವ ಕಂಪ್ಯೂಟರುಗಳಲ್ಲಿ ನಿಲ್ಲಿಸಿದ್ದೇನೆ. ಅದು ಬೇರೆಯ ವಿಷಯ.

ಮಧ್ಯರಾತ್ರಿ ಪಾಳಿ: ಕೇಳಿದವರ ಲ್ಯಾಪ್‌ಟಾಪ್‌ಗಳಿಗೆ ಬೇಕಾದದ್ದು ಆ ವಿಷಯವೇ. ವಿಂಡೋಸ್ 8ರಿಂದ ಸದಾ ಆಫ್‌ಲೈನ್ ಎಂಬ ವಿಧಾನವಿದೆ. ನಿಧಾನ ಸಂಪರ್ಕದ ನೀತಿಯಲ್ಲಿ ವಿಳಂಬದ ಮಿತಿಯನ್ನು 1 ಮಿಲಿಸೆಕೆಂಡ್‌ಗೆ ಇಳಿಸಿದರೆ ಯಾವ ಸಂಪರ್ಕವೂ ನಿಧಾನವೆಂದೇ ಎಣಿಕೆಯಾಗಿ ಬಳಕೆದಾರ ಯಾವಾಗಲೂ ಸ್ಥಳೀಯ ಪ್ರತಿಯಲ್ಲಿಯೇ ಕೆಲಸ ಮಾಡುತ್ತಾನೆ, ಹಿನ್ನೆಲೆಯಲ್ಲಿ 120 ನಿಮಿಷಕ್ಕೊಮ್ಮೆ ಸಿಂಕ್ ಆಗುತ್ತದೆ.

ಸರ್ವರ್ ಸಾಕಿದವನು: 120 ನಿಮಿಷ! ಆ ನಡುವೆ ಲ್ಯಾಪ್‌ಟಾಪ್ ಕಳೆದುಹೋದರೆ ಎರಡು ಗಂಟೆಯ ಕೆಲಸಕ್ಕೆ ಯಾರು ಹೊಣೆ? ಬ್ಯಾಕಪ್ ಪಾಠ ಹೇಳಿದವರು ಉತ್ತರಿಸಲಿ.

ಹೊಸ ನಿರ್ವಾಹಕ: ತಮ್ಮ ವಾದಗಳ ನಡುವೆ ಎರಡು ಲ್ಯಾಪ್‌ಟಾಪ್‌ಗಳಲ್ಲಿ ಪ್ರಯೋಗ ಮಾಡಿದೆ. ಟಿಕ್ ತೆಗೆದು, ಬಳಕೆದಾರನ ಹೆಸರಿನ ಫೋಲ್ಡರಿಗೇ ನೇರವಾಗಿ ಕಳುಹಿಸಿದ್ದೆ. ಮೊದಲ ಲಾಗಾನ್‌ನಲ್ಲಿ ಏನೂ ಆಗಲಿಲ್ಲ. ಎರಡನೆಯದರಲ್ಲಿ ಫೈಲುಗಳೆಲ್ಲ ಹೋದವು. ಸರ್ವರ್‌ನಲ್ಲಿ ಈಗ ಎರಡು 'ಡಾಕ್ಯುಮೆಂಟ್ಸ್' ಅಕ್ಕಪಕ್ಕ ಕುಳಿತಿವೆ.

ಅನುಮತಿಪಟ್ಟಿ: ನಾನು ಹೇಳಿದ್ದು ಇದನ್ನೇ.

ಸರ್ವರ್ ಸಾಕಿದವನು: 'ನೇರವಾಗಿ' ಎಂದು ಅವರೇ ಬರೆದಿದ್ದಾರೆ, ನಾನು ಹೇಳಿದ್ದೂ ಇದನ್ನೇ.