ಎಲ್‌ಎಡಿ (ಹೃದಯದ ಮುಂಭಾಗಕ್ಕೆ ರಕ್ತ ಕೊಡುವ ನಾಳ) ತೆರೆದಿದೆ, ಟಿಮಿ 3 (ನಾಳದಲ್ಲಿ ಪೂರ್ಣ ಹರಿವು) ಇದೆ, ಆದರೂ ಎಸ್‌ಟಿ (ಇಸಿಜಿಯಲ್ಲಿ ಏರಿದ್ದ ಗೆರೆ) ಇಳಿದಿಲ್ಲ. ಯಾಕೆ?

ಸಿಸಿಯು_ರಾತ್ರಿಪಾಳಿ:
ಆಂಟೀರಿಯರ್ ಎಂಐ (ಹೃದಯದ ಮುಂಭಾಗದ ಹೃದಯಾಘಾತ), ನೋವು ಶುರುವಾದ 6 ಗಂಟೆಗಳ ನಂತರ ಎಲ್‌ಎಡಿಗೆ ಸ್ಟೆಂಟ್. ರಿಪೋರ್ಟಿನಲ್ಲಿ "ಟಿಮಿ 3 ಫ್ಲೋ, ಬ್ಲಶ್ ಗ್ರೇಡ್ 1" ಅಂತ ಬರೆದಿದ್ದಾರೆ. 60 ನಿಮಿಷದ ಇಸಿಜಿಯಲ್ಲಿ ವಿ3 ಲೀಡ್‌ನ ಎಸ್‌ಟಿ 4 ಮಿ.ಮೀ.ನಿಂದ 3ಕ್ಕೆ ಇಳಿದಿದೆ, ಅಷ್ಟೇ. ಎಕೋದಲ್ಲಿ ಇಎಫ್ (ಪ್ರತಿ ಬಡಿತಕ್ಕೆ ಹೃದಯ ಹೊರಹಾಕುವ ರಕ್ತದ ಪಾಲು) 35%. ನಾಳ ಪೂರ್ತಿ ತೆರೆದ ಮೇಲೂ ಸ್ನಾಯುವಿಗೆ ರಕ್ತ ಸಾಲುತ್ತಿಲ್ಲವೇ? ಇಎಫ್ ಮತ್ತೆ ಏರುತ್ತದಾ?

ಕ್ಯಾಥ್‌ಲ್ಯಾಬ್_ಕನ್ನಡಿಗ:
ತೂಬು ಎತ್ತಿದ ಮಾತ್ರಕ್ಕೆ ಕಾಲುವೆಯ ಕೊನೇ ಗದ್ದೆಗೆ ನೀರು ಹೋಗಬೇಕೆಂದಿಲ್ಲವಲ್ಲ, ಇಲ್ಲೂ ಅದೇ ಕಥೆ. ಟಿಮಿ ಹೇಳುವುದು ಮೇಲಿನ ದೊಡ್ಡ ನಾಳದ ಹರಿವನ್ನು. ಸ್ನಾಯುವಿನೊಳಗೆ ಡೈ (ಎಕ್ಸ್‌ರೇಯಲ್ಲಿ ಕಾಣುವ ದ್ರವ) ಎಷ್ಟು ಇಳಿಯಿತು, ಎಷ್ಟು ಬೇಗ ತೊಳೆದುಹೋಯಿತು ಅನ್ನುವುದು ಬ್ಲಶ್. ಟಿಮಿ 3 ಇದ್ದೂ ಬ್ಲಶ್ 0 ಅಥವಾ 1 ಬಂದರೆ ಅಡ್ಡಿ ಇರುವುದು ಕ್ಯಾಪಿಲರಿ (ಅತಿ ಸಣ್ಣ ರಕ್ತನಾಳ) ಮಟ್ಟದಲ್ಲಿ. ಅವುಗಳ ಒಳಗೋಡೆಯ ಜೀವಕೋಶಗಳು ಊದಿಕೊಂಡಿರುತ್ತವೆ, ಬಿಳಿರಕ್ತಕಣ ಸಿಕ್ಕಿಕೊಂಡಿರುತ್ತವೆ, ಬಲೂನ್ ಒಡೆದ ಹೆಪ್ಪಿನ ಚೂರುಗಳು ಕೆಳಗೆ ಹೋಗಿ ಕೂತಿರುತ್ತವೆ, ಸುತ್ತಲಿನ ಬಾವು ಹೊರಗಿನಿಂದ ಅದುಮುತ್ತದೆ. ಇದೇ ನೋ-ರಿಫ್ಲೋ.

ಸಮಯದ ಲೆಕ್ಕ ಹಳೆಯದು. 1974ರ ನಾಯಿಗಳ ಪ್ರಯೋಗದಲ್ಲಿ ಹೃದಯದ ನಾಳವನ್ನು 40 ನಿಮಿಷ ಕಟ್ಟಿ ಬಿಟ್ಟಾಗ ರಕ್ತ ಎಲ್ಲೆಡೆ ಮರಳಿತು. 90 ನಿಮಿಷ ಕಟ್ಟಿದಾಗ ಹೃದಯಸ್ನಾಯುವಿನ ಒಳಪದರಕ್ಕೆ ಮರಳಲೇ ಇಲ್ಲ. ಹೃದಯ ಹಿಂಡಿದಾಗ ಹೆಚ್ಚು ಒತ್ತಡ ಬೀಳುವುದು ಒಳಪದರದ ಮೇಲೆ, ಅದಕ್ಕೆ ರಕ್ತ ಸಿಗುವುದು ಬಹುಪಾಲು ಸಡಿಲವಾದಾಗ. ಹಾಗಾಗಿ ಹಾನಿ ಒಳಗಿನಿಂದ ಹೊರಗೆ ಹರಡುತ್ತದೆ.

ಒಂದು ಮಾತು: ಬ್ಲಶ್ ನೋಡಬೇಕಾದರೆ ಸಿನೆ (ಎಕ್ಸ್‌ರೇ ವಿಡಿಯೊ) ಉದ್ದಕ್ಕೆ ಓಡಿಸಿ. ನಾಳ ತುಂಬಿದ ಕೂಡಲೇ ಪೆಡಲ್ ಬಿಟ್ಟರೆ ಗ್ರೇಡ್ ಬರೀ ಊಹೆ. ಡೈ ಸಿರೆಗಳಿಗೆ ಬರುವವರೆಗೆ ಕಾಯಬೇಕು.

ಸಿಸಿಯು_ರಾತ್ರಿಪಾಳಿ:
ಹಾಗಾದರೆ ಟೇಬಲ್ ಮೇಲೇ ಏನಾದರೂ ಮಾಡಬಹುದಿತ್ತಾ?

ಇಂಟರ್ವೆನ್ಷನ್_ಮಾತು:
ಮೊದಲು ಡಿಸೆಕ್ಷನ್ (ನಾಳದ ಗೋಡೆಯ ಸೀಳು), ಉಳಿದ ಹೆಪ್ಪು, ಸ್ಪಾಸಂ (ನಾಳ ಬಿಗಿದುಕೊಳ್ಳುವುದು) ಇಲ್ಲ ಅಂತ ಖಚಿತ ಮಾಡಿಕೊಳ್ಳಬೇಕು. ಇವನ್ನು ನೋಡದೆ ನೋ-ರಿಫ್ಲೋ ಅನ್ನುವುದು ತಪ್ಪು. ಆಮೇಲೆ ಅಡೆನೋಸಿನ್ 100–200 ಮೈಕ್ರೋಗ್ರಾಂ ಅಥವಾ ನೈಟ್ರೋಪ್ರುಸೈಡ್ 50–200 ಮೈಕ್ರೋಗ್ರಾಂ ಬೋಲಸ್, ಬೇಕಿದ್ದರೆ ಪುನಃ. ಗೈಡ್‌ನಿಂದ (ನಾಳದ ಬಾಯಲ್ಲಿ ಕೂತ ಕ್ಯಾಥೆಟರ್‌ನಿಂದ) ಕೊಟ್ಟರೆ ಔಷಧ ಚೆನ್ನಾಗಿ ಹರಿಯುತ್ತಿರುವ ಕೊಂಬೆಗೇ ಹೋಗಿಬಿಡುತ್ತದೆ. ಮೈಕ್ರೋಕ್ಯಾಥೆಟರ್ ಮೂಲಕ ಕೆಳಭಾಗಕ್ಕೇ ತಲುಪಿಸಬೇಕು. ಅಡೆನೋಸಿನ್‌ಗೆ ಕೆಲವು ಸೆಕೆಂಡ್ ಹಾರ್ಟ್ ಬ್ಲಾಕ್ ಬರಬಹುದು, ನೈಟ್ರೋಪ್ರುಸೈಡ್‌ಗೆ ಬಿಪಿ ಕುಸಿಯುತ್ತದೆ. ಶಾಕ್‌ನಲ್ಲಿರುವವರಿಗೆ (ಬಿಪಿ ತೀರಾ ಕುಸಿದು ಅಂಗಗಳಿಗೆ ರಕ್ತ ಸಾಲದವರಿಗೆ) ವೆರಾಪಮಿಲ್ ಎಂಬ ಔಷಧ ಬೇಡ.

ಹೆಪ್ಪು ಎಳೆಯುವ ಕ್ಯಾಥೆಟರನ್ನು ಎಲ್ಲರಿಗೂ ಹಾಕುವುದರಿಂದ ಲಾಭವಿಲ್ಲ ಎಂದು ಟೇಸ್ಟ್ (2013), ಟೋಟಲ್ (2015) ಎಂಬ ಎರಡೂ ಅಧ್ಯಯನಗಳು ತೋರಿಸಿವೆ. ಟೋಟಲ್‌ನಲ್ಲಿ ಸ್ಟ್ರೋಕ್ ಹೆಚ್ಚಾಗಿತ್ತು. ಹೆಚ್ಚು ಪ್ರೆಷರ್‌ನಲ್ಲಿ ಮತ್ತೆ ಮತ್ತೆ ಬಲೂನ್ ಊದುವುದೂ ಅಷ್ಟೇ, ಚೂರುಗಳನ್ನು ಕೆಳಗೆ ತಳ್ಳಿದಂತೆ.

ಎಕೋ_ಎಂಆರ್‌ಐ:
ಇಎಫ್ ವಿಷಯ. ಮೊದಲ ದಿನದ 35ನ್ನು ನಂಬಬೇಡಿ, ಅದರಲ್ಲಿ ಸತ್ತ ಸ್ನಾಯುವೂ ಇದೆ, ಮಂಕಾದ ಸ್ನಾಯುವೂ ಇದೆ. ಮಂಕಾದದ್ದು, ಅಂದರೆ ಸ್ಟನ್ಡ್, ರಕ್ತ ಬಂದರೂ ತಕ್ಷಣ ಹಿಂಡುವುದಿಲ್ಲ. ದಿನಗಳು, ವಾರಗಳು ಬೇಕು. ಐಸಿಡಿ (ಮಾರಕ ಲಯ ಬಂದರೆ ಶಾಕ್ ಕೊಡುವ, ದೇಹದೊಳಗೆ ಕೂರಿಸುವ ಸಾಧನ) ತೀರ್ಮಾನಕ್ಕೆ ಎಂಐ ಆಗಿ ಕನಿಷ್ಠ 40 ದಿನ, ಸ್ಟೆಂಟ್ ಹಾಕಿದ್ದರೆ 3 ತಿಂಗಳು ಕಾಯುವುದು ಇದಕ್ಕೇ. ಅಲ್ಲಿಯವರೆಗೆ ಎರಡು ಆಂಟಿಪ್ಲೇಟ್‌ಲೆಟ್, ಬೀಟಾ ಬ್ಲಾಕರ್, ಏಸ್ ಇನ್ಹಿಬಿಟರ್ ತಾವಾಗಿಯೇ ನಿಲ್ಲಿಸಬಾರದು.

ಸಾಧ್ಯವಾದರೆ ಮೊದಲ ವಾರದಲ್ಲಿ ಗ್ಯಾಡೊಲಿನಿಯಂ ಕೊಟ್ಟು ಎಂಆರ್‌ಐ ಮಾಡಿಸಿ. ಇನ್ಫಾರ್ಕ್ಟ್, ಅಂದರೆ ಸತ್ತ ಸ್ನಾಯು, ಬೆಳ್ಳಗೆ ಕಾಣುತ್ತದೆ. ಅದರ ನಡುವೆ ಕಪ್ಪು ಚುಕ್ಕೆಯೋ ಪಟ್ಟಿಯೋ ಇದ್ದರೆ ಡೈ ಅಲ್ಲಿಗೆ ಹೋಗಿಯೇ ಇಲ್ಲ. ಆ ಜಾಗ ಚೇತರಿಸಿಕೊಳ್ಳುವುದು ಕಷ್ಟ. ಗೋಡೆಯ ದಪ್ಪದಲ್ಲಿ ಬಿಳಿ ಕಾಲುಭಾಗಕ್ಕಿಂತ ಕಡಿಮೆಯಿದ್ದರೆ ಆಸೆ ಇಟ್ಟುಕೊಳ್ಳಬಹುದು. ಮುಕ್ಕಾಲು ದಾಟಿದ್ದರೆ ಅಷ್ಟಿಲ್ಲ.

ಸಿಸಿಯು_ರಾತ್ರಿಪಾಳಿ:
ಎಸ್‌ಟಿ ಅಳೆಯುವುದರಲ್ಲಿ ನಮ್ಮ ಕಡೆ ತಪ್ಪಾಗಿರಬಹುದಾ?

ಕ್ಯಾಥ್‌ಲ್ಯಾಬ್_ಕನ್ನಡಿಗ:
ಆಗಬಹುದು. ಅತಿ ಹೆಚ್ಚು ಏರಿದ್ದ ಅದೇ ಲೀಡ್, ಜೆ ಬಿಂದುವಿನಿಂದ (ಕ್ಯೂಆರ್‌ಎಸ್ ಅಲೆ ಮುಗಿದು ಎಸ್‌ಟಿ ಶುರುವಾಗುವ ಜಾಗ) ಅದೇ ದೂರ, 60–90 ನಿಮಿಷದೊಳಗೆ. ಎಲೆಕ್ಟ್ರೋಡ್ ಒಂದು ಪಕ್ಕೆಲುಬಿನ ಸಂದು ಮೇಲೆ ಅಂಟಿದರೂ ವಿ3 ಬದಲಾಗುತ್ತದೆ, ಅದಕ್ಕೆ ಮೊದಲ ಇಸಿಜಿ ಆದ ಕೂಡಲೇ ಮಾರ್ಕರ್ ಪೆನ್ನಿನಿಂದ ಎದೆಯ ಮೇಲೆ ಗುರುತು ಹಾಕಿಡಿ. 70% ಇಳಿದರೆ ಪೂರ್ಣ, 30%ಗಿಂತ ಕಡಿಮೆ ಅಂದರೆ ಇಳಿದೇ ಇಲ್ಲ, ನಿಮ್ಮದು 25%. ಇನ್ನು, ಮಾನಿಟರ್‌ನಲ್ಲಿ ನಿಮಿಷಕ್ಕೆ 60–110 ಬಡಿತದ ಅಗಲ ಕ್ಯೂಆರ್‌ಎಸ್ ಲಯ ಬಂದು ಹೋದರೆ, ಬಿಪಿ ಸರಿ ಇದ್ದಾಗ ಲಿಗ್ನೊಕೈನ್ (ಲಯ ತಡೆಯುವ ಔಷಧ) ಎತ್ತಿಕೊಳ್ಳಬೇಡಿ. ಅದು ನಾಳ ತೆರೆದಾಗ ಬರುವ ಲಯ. ಹಾಗಂತ ಸ್ನಾಯು ತುಂಬಿತು ಅನ್ನುವುದಕ್ಕೆ ಅದೂ ಸಾಕ್ಷಿಯಲ್ಲ.